ನಂಬಿಕೆಗೆ ಅರ್ಹವಾದ ಸ್ವಯಂಚಾಲಿತ ಪರೀಕ್ಷೆಗಳನ್ನು ಕಟ್ಟುವ ಬಗೆ

ಒಂದು ತಂಡದ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆ ಹೇಗಿದೆ ಎಂದು ತಿಳಿಯಬೇಕಾದಾಗ ನಾನು ಟೆಸ್ಟ್‌ಗಳ ಸಂಖ್ಯೆಯನ್ನಾಗಲಿ, ಬಳಸುತ್ತಿರುವ ಟೂಲ್‌ನ ಹೆಸರನ್ನಾಗಲಿ ಮೊದಲು ಕೇಳುವುದಿಲ್ಲ. ಟೆಸ್ಟ್ ಕೆಂಪಾದಾಗ, ಎಂದರೆ ಫೇಲಾದಾಗ, ತಂಡದವರು ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು ಕಾರಣ ಹುಡುಕಲು ಕೂರುತ್ತಾರೆ ಎಂದಾದರೆ, ಟೆಸ್ಟ್‌ಗಳು ಕೆಲವೇ ಇದ್ದರೂ ಅವು ತಮ್ಮ ಕೆಲಸ ಮಾಡುತ್ತಿವೆ. ‘ಅದು ಆಗಾಗ ಹಾಗಾಗುತ್ತದೆ, ಇನ್ನೊಮ್ಮೆ ರನ್ ಮಾಡಿದರೆ ಸರಿಹೋಗುತ್ತದೆ’ ಎಂಬ ಉತ್ತರ ಬಂದರೆ, ಸಾವಿರಾರು ಟೆಸ್ಟ್‌ಗಳಿದ್ದರೂ ಅವು ಯಾರನ್ನೂ ಎಚ್ಚರಿಸುತ್ತಿಲ್ಲ. ಮುಂದೆ ಹೇಳಿರುವ ಪ್ರತಿಯೊಂದು ಕ್ರಮವನ್ನೂ ನಾನು ಈ ಒಂದೇ ಅಳತೆಗೋಲಿನಿಂದ ಆರಿಸಿದ್ದೇನೆ: ಕೆಂಪು ಫಲಿತಾಂಶದ ಮೇಲೆ ಜನರಿಗಿರುವ ನಂಬಿಕೆ ಇದರಿಂದ ಹೆಚ್ಚುತ್ತದೆಯೇ, ಕುಗ್ಗುತ್ತದೆಯೇ?

ಟೂಲ್‌ಗಳ ಕೊರತೆ ಇಂದು ಯಾರಿಗೂ ಇಲ್ಲ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜಾವಾ ಭಾಷೆಗೆ ಜೆಯುನಿಟ್ ಬರೆದ ಮೇಲೆ, ಕೋಡ್‌ನ ಸಣ್ಣ ತುಣುಕನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಯುನಿಟ್ ಟೆಸ್ಟ್ ಬರೆಯುವುದು ಕ್ರಮೇಣ ಡೆವಲಪರ್‌ಗಳ ದಿನನಿತ್ಯದ ಕೆಲಸವಾಯಿತು. ಜೇಸನ್ ಹಗಿನ್ಸ್ 2004ರಲ್ಲಿ ಆರಂಭಿಸಿದ ಸೆಲೆನಿಯಂ, ಬ್ರೌಸರ್ ಅನ್ನು ಪ್ರೋಗ್ರಾಂ ಮೂಲಕ ನಡೆಸುವುದನ್ನು ಎಲ್ಲರ ಕೈಗೆ ತಂದಿತು. ಆಮೇಲೆ ಅದರೊಂದಿಗೆ ಬೆರೆತ ವೆಬ್‌ಡ್ರೈವರ್ 2018ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಶಿಫಾರಸು ಮಾಡಿದ ಮಾನದಂಡವಾಯಿತು. ಮೈಕ್ರೋಸಾಫ್ಟ್ 2020ರಲ್ಲಿ ಬಿಡುಗಡೆ ಮಾಡಿದ ಪ್ಲೇರೈಟ್ ಎಂಬ ಟೂಲ್ ಕ್ರೋಮಿಯಂ, ಫೈರ್‌ಫಾಕ್ಸ್ ಮತ್ತು ವೆಬ್‌ಕಿಟ್ ಎಂಬ ಮೂರು ಬಗೆಯ ಬ್ರೌಸರ್‌ಗಳನ್ನೂ ಒಂದೇ ಬಗೆಯ ಕೋಡ್‌ನಿಂದ ನಡೆಸುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಒಳ್ಳೆಯ ಟೆಸ್ಟ್ ಬರೆಯಬಹುದು. ಟೂಲ್ ಬದಲಿಸಿದ ಮಾತ್ರಕ್ಕೆ ಕೆಟ್ಟ ಟೆಸ್ಟ್‌ಗಳು ಸುಧಾರಿಸಿದ್ದನ್ನು ನಾನಂತೂ ಕಂಡಿಲ್ಲ.

ಎಲ್ಲಿಂದ ಆರಂಭಿಸಬೇಕು

ಹೊಸದಾಗಿ ಆರಂಭಿಸುವ ತಂಡಗಳು ಸಾಮಾನ್ಯವಾಗಿ ಮ್ಯಾನ್ಯುಯಲ್ ಟೆಸ್ಟರ್‌ಗಳ ಟೆಸ್ಟ್ ಕೇಸ್ ಪಟ್ಟಿಯನ್ನು ಮುಂದಿಟ್ಟುಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೂ ಬ್ರೌಸರ್ ಟೆಸ್ಟ್ ಆಗಿ ಮಾರ್ಪಡಿಸಲು ಹೊರಡುತ್ತವೆ. ಇದು ತಪ್ಪು ದಾರಿ. ಮನುಷ್ಯನಿಗೆ ಸಾಫ್ಟ್‌ವೇರ್ ಒಳಹೊಕ್ಕು ನೋಡುವ ದಾರಿ ಸ್ಕ್ರೀನ್ ಒಂದೇ ಆಗಿರುವುದರಿಂದ ಆ ಪಟ್ಟಿ ಹಾಗೆ ಬರೆಯಲ್ಪಟ್ಟಿರುತ್ತದೆ. ಪ್ರೋಗ್ರಾಂಗೆ ಆ ನಿರ್ಬಂಧವಿಲ್ಲ. ಒಂದು ಆರ್ಡರ್‌ಗೆ ರಿಯಾಯಿತಿ ಲೆಕ್ಕ ಹಾಕುವ ನಿಯಮವನ್ನು ತೆಗೆದುಕೊಳ್ಳೋಣ. ಕನಿಷ್ಠ ಮೊತ್ತ, ಗರಿಷ್ಠ ರಿಯಾಯಿತಿ, ಅವಧಿ ಮುಗಿದ ಕೂಪನ್, ಎರಡು ಕೂಪನ್‌ಗಳ ಒಟ್ಟು ಬಳಕೆ ಎಂದು ಅದರಲ್ಲಿ ಇಪ್ಪತ್ತು ಸಂದರ್ಭಗಳಿದ್ದರೆ, ಆ ಇಪ್ಪತ್ತನ್ನೂ ಲೆಕ್ಕ ಹಾಕುವ ಫಂಕ್ಷನ್‌ನ ಮಟ್ಟದಲ್ಲೇ ಪರೀಕ್ಷಿಸಬೇಕು. ಅವು ಒಂದು ಸೆಕೆಂಡಿನೊಳಗೆ ಮುಗಿಯುತ್ತವೆ. ಲೆಕ್ಕದ ಫಲಿತಾಂಶ ಡೇಟಾಬೇಸ್‌ನಲ್ಲಿ ಸರಿಯಾಗಿ ಉಳಿಯುತ್ತದೆಯೇ ಎಂಬುದಕ್ಕೆ ಭಾಗಗಳನ್ನು ಜೋಡಿಸಿ ಪರೀಕ್ಷಿಸುವ ಎರಡು ಮೂರು ಇಂಟಿಗ್ರೇಷನ್ ಟೆಸ್ಟ್‌ಗಳು ಸಾಕು. ಗ್ರಾಹಕನು ಕೂಪನ್ ಹಾಕಿ ಹಣ ಪಾವತಿಸುವವರೆಗಿನ ಪೂರ್ಣ ಹಾದಿಗೆ ಬ್ರೌಸರ್ ಟೆಸ್ಟ್ ಒಂದೇ ಒಂದಿದ್ದರೆ ಸಾಕು. ಮೈಕ್ ಕೋನ್ ಅವರು ಪ್ರಚಾರಕ್ಕೆ ತಂದ ಟೆಸ್ಟ್ ಪಿರಮಿಡ್‌ನ ತಿರುಳು ಇದೇ: ಕೆಳಗೆ ಹೆಚ್ಚು ಯುನಿಟ್ ಟೆಸ್ಟ್‌ಗಳು, ನಡುವೆ ಕಡಿಮೆ ಇಂಟಿಗ್ರೇಷನ್ ಟೆಸ್ಟ್‌ಗಳು, ತುದಿಯಲ್ಲಿ ಕೆಲವೇ ಬ್ರೌಸರ್ ಟೆಸ್ಟ್‌ಗಳು. ಸರ್ವಿಸ್‌ಗಳು ಹೆಚ್ಚಾಗಿ ಒಂದರೊಡನೊಂದು ಮಾತನಾಡುವುದರಲ್ಲೇ ಕೆಲಸ ಇರುವ ಸಿಸ್ಟಂಗಳಲ್ಲಿ ನಡುವಿನ ಪದರವನ್ನು ದಪ್ಪ ಮಾಡುವುದು ಸರಿಯೆನಿಸುತ್ತದೆ. ಆಕಾರದ ಬಗ್ಗೆ ವಾದ ಮಾಡುವುದಕ್ಕಿಂತ, ಒಂದು ತಪ್ಪನ್ನು ಹಿಡಿಯಬಲ್ಲ ಅತ್ಯಂತ ಕೆಳಗಿನ ಪದರದಲ್ಲಿ ಅದರ ಟೆಸ್ಟ್ ಬರೆಯುವುದು ಎಂಬ ನಿಯಮ ಹೆಚ್ಚು ಉಪಯುಕ್ತ.

ಹಳೆಯ ಕೋಡ್‌ಗೆ ಟೆಸ್ಟ್‌ಗಳೇ ಇಲ್ಲದಿದ್ದರೆ ಎಲ್ಲಕ್ಕೂ ಒಮ್ಮೆಗೇ ಟೆಸ್ಟ್ ಬರೆಯಲು ಹೋಗಬಾರದು. ಇಂದಿನಿಂದ ಸರಿಪಡಿಸುವ ಪ್ರತಿಯೊಂದು ಬಗ್‌ಗೂ, ಸರಿಪಡಿಸುವ ಮುನ್ನವೇ, ಆ ಬಗ್ ಅನ್ನು ತೋರಿಸಿಕೊಡುವ ಟೆಸ್ಟ್ ಬರೆಯಿರಿ. ಅದು ಕೆಂಪಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ತಿದ್ದಿ, ಹಸಿರಾಗುವುದನ್ನು ನೋಡಿ. ಒಮ್ಮೆಯೂ ಕೆಂಪಾಗಿ ಕಾಣದ ಟೆಸ್ಟ್ ನಿಜವಾಗಿ ಏನನ್ನು ಪರೀಕ್ಷಿಸುತ್ತಿದೆ ಎಂಬುದಕ್ಕೆ ಯಾವ ಆಧಾರವೂ ಇರುವುದಿಲ್ಲ. ಬಗ್‌ಗಳು ಕೆಲವೇ ಫೈಲ್‌ಗಳ ಸುತ್ತ ಗುಂಪುಗೂಡುವುದರಿಂದ, ಕೆಲವು ತಿಂಗಳು ಈ ಒಂದು ಅಭ್ಯಾಸ ಪಾಲಿಸಿದರೆ ಟೆಸ್ಟ್‌ಗಳು ಬೇಕಾದ ಕಡೆಯಲ್ಲೇ ಬೆಳೆದಿರುತ್ತವೆ.

ಟೆಸ್ಟ್ ಬರೆಯುವಾಗ ಕೋಡ್ ಏನು ಮಾಡಬೇಕು ಎಂಬುದನ್ನು ಪರೀಕ್ಷಿಸಬೇಕೇ ಹೊರತು, ಅದನ್ನು ಹೇಗೆ ಮಾಡುತ್ತದೆ ಎಂಬುದನ್ನಲ್ಲ. ಸುತ್ತಲಿನ ಎಲ್ಲ ಕ್ಲಾಸ್‌ಗಳನ್ನೂ ಮಾಕ್ ಮಾಡಿ, ಎಂದರೆ ಅವುಗಳ ಜಾಗದಲ್ಲಿ ನಕಲಿಗಳನ್ನಿಟ್ಟು, ಇಂಥ ಮೆಥಡ್ ಅನ್ನು ಇಂಥ ಕ್ರಮದಲ್ಲಿ ಇಷ್ಟು ಬಾರಿ ಕರೆಯಲಾಯಿತೇ ಎಂದು ನೋಡುವ ಟೆಸ್ಟ್, ಕೋಡ್‌ನ ಪ್ರತಿಬಿಂಬವಾಗಿಬಿಡುತ್ತದೆ. ವರ್ತನೆ ಬದಲಾಗದಂತೆ ಕೋಡ್ ಅನ್ನು ಶುದ್ಧಗೊಳಿಸಿದಾಗ ಅದು ಮುರಿಯುತ್ತದೆ. ವರ್ತನೆ ನಿಜವಾಗಿಯೂ ತಪ್ಪಾದಾಗ ಹಸಿರಾಗಿಯೇ ಉಳಿಯುತ್ತದೆ. ಡೇಟಾಬೇಸ್, ಮೆಸೇಜ್ ಕ್ಯೂ ಮುಂತಾದವನ್ನು ಕಂಟೇನರ್‌ಗಳಲ್ಲಿ ಕ್ಷಣಮಾತ್ರದಲ್ಲಿ ಎಬ್ಬಿಸುವ ಟೆಸ್ಟ್‌ಕಂಟೇನರ್ಸ್‌ನಂತಹ ಲೈಬ್ರರಿಗಳು ಬಂದ ಮೇಲೆ ಅವನ್ನು ಮಾಕ್ ಮಾಡುವ ಅಗತ್ಯ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಈಚಿನ ವರ್ಷಗಳ ಬದಲಾವಣೆಗಳಲ್ಲಿ ನಾನು ಮನಸಾರೆ ಸ್ವಾಗತಿಸುವ ಬದಲಾವಣೆ ಇದು.

ಒಮ್ಮೆ ಹಸಿರು, ಒಮ್ಮೆ ಕೆಂಪು

ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಟೆಸ್ಟ್‌ಗಳನ್ನು ಫ್ಲೇಕಿ ಟೆಸ್ಟ್‌ಗಳೆಂದು ಕರೆಯುತ್ತಾರೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಸವಾಲು ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲಿ ಹೇಳಿದಂತೆ, ಅವರಲ್ಲಿದ್ದ ಟೆಸ್ಟ್‌ಗಳ ಪೈಕಿ ಸುಮಾರು 16 ಪ್ರತಿಶತ ಒಂದಲ್ಲ ಒಂದು ಮಟ್ಟದಲ್ಲಿ ಫ್ಲೇಕಿ ಆಗಿದ್ದವು; ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಹಸಿರಿನಿಂದ ಕೆಂಪಿಗೆ ತಿರುಗಿದ ಪ್ರಸಂಗಗಳಲ್ಲಿ ಸುಮಾರು 84 ಪ್ರತಿಶತದಷ್ಟು ಇಂತಹ ಟೆಸ್ಟ್‌ಗಳಿಗೆ ಸೇರಿದ್ದವು. ಎಂದರೆ, ಕೆಂಪು ಕಂಡಾಗ ‘ಇದು ನನ್ನ ತಪ್ಪಲ್ಲ’ ಎಂದುಕೊಳ್ಳುವ ಡೆವಲಪರ್‌ನ ಊಹೆ ಹೆಚ್ಚಿನ ಸಲ ನಿಜವಾಗುತ್ತಿತ್ತು. ಅಂತಹ ವಾತಾವರಣದಲ್ಲಿ ನಿಜವಾದ ದೋಷವನ್ನು ಯಾರು ತಾನೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ?

ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಪಾವತಿಯ ಹಾದಿಯನ್ನು ಪರೀಕ್ಷಿಸುವ ಟೆಸ್ಟ್ ಒಂದು ವಾರಗಟ್ಟಲೆ ಹೀಗೆ ಆಗೊಮ್ಮೆ ಈಗೊಮ್ಮೆ ಬೀಳುತ್ತಿತ್ತು. ಎಲ್ಲರೂ, ನನ್ನನ್ನೂ ಸೇರಿಸಿ, ಅದನ್ನು ಮತ್ತೆ ರನ್ ಮಾಡಿ ಮುಂದೆ ಹೋಗುತ್ತಿದ್ದೆವು. ಕೊನೆಗೆ ಒಬ್ಬ ಹೊಸ ಸಹೋದ್ಯೋಗಿ ಪಟ್ಟು ಹಿಡಿದು ಕೂತು ನೋಡಿದಾಗ, ನೆಟ್‌ವರ್ಕ್ ನಿಧಾನವಾದ ಹೊತ್ತಿನಲ್ಲಿ ಒಂದೇ ಆರ್ಡರ್ ಎರಡು ಬಾರಿ ದಾಖಲಾಗುವ ನಿಜವಾದ ದೋಷವೇ ಅಲ್ಲಿತ್ತು. ಟೆಸ್ಟ್ ಮೊದಲ ದಿನದಿಂದಲೂ ಸತ್ಯವನ್ನೇ ಹೇಳುತ್ತಿತ್ತು. ಅಂದಿನಿಂದ ‘ಅದು ಫ್ಲೇಕಿ’ ಎಂಬ ಮಾತನ್ನು ರೋಗದ ಹೆಸರು ಎಂದು ನಾನು ಒಪ್ಪಿಕೊಂಡಿಲ್ಲ. ಅದು ಲಕ್ಷಣ ಮಾತ್ರ.

ಕಾರಣಗಳು ಅನಂತವಾಗಿಲ್ಲ. ಅಪಾಚೆ ಸಂಸ್ಥೆಯ 51 ಪ್ರಾಜೆಕ್ಟ್‌ಗಳಲ್ಲಿ ಇಂತಹ ಟೆಸ್ಟ್‌ಗಳನ್ನು ಸರಿಪಡಿಸಿದ 201 ಕಮಿಟ್‌ಗಳನ್ನು (ದಾಖಲಾದ ಕೋಡ್ ಬದಲಾವಣೆಗಳನ್ನು) ಪರಿಶೀಲಿಸಿದ 2014ರ ಅಧ್ಯಯನವು, ಕಾರಣಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಅಸಿಂಕ್ರೊನಸ್ ಆಗಿ, ಎಂದರೆ ಹಿನ್ನೆಲೆಯಲ್ಲಿ, ನಡೆಯುವ ಕೆಲಸ ಮುಗಿಯುವವರೆಗೆ ಸರಿಯಾಗಿ ಕಾಯದಿರುವುದೇ ಎಂದು ಕಂಡುಕೊಂಡಿತು. ಏಕಕಾಲಕ್ಕೆ ಓಡುವ ಥ್ರೆಡ್‌ಗಳ ನಡುವಿನ ಪೈಪೋಟಿ ಮತ್ತು ಟೆಸ್ಟ್‌ಗಳು ಓಡುವ ಕ್ರಮದ ಮೇಲಿನ ಅವಲಂಬನೆ ಅದರ ನಂತರದ ಸ್ಥಾನಗಳಲ್ಲಿದ್ದವು. ಹೀಗಾಗಿ ಮೊದಲು ಕೋಡ್‌ನಲ್ಲಿ ‘ಸ್ಲೀಪ್’ ಎಂಬ ಪದವನ್ನು ಹುಡುಕಿ. ಐದು ಸೆಕೆಂಡು ಸುಮ್ಮನೆ ಕಾಯುವ ಸಾಲು, ವೇಗದ ಮಷೀನ್‌ನಲ್ಲಿ ಸಮಯ ಹಾಳು ಮಾಡುತ್ತದೆ, ನಿಧಾನವಾದ ಮಷೀನ್‌ನಲ್ಲಿ ಸಾಲದಾಗುತ್ತದೆ. ಅದರ ಜಾಗದಲ್ಲಿ, ಬಯಸಿದ ಸ್ಥಿತಿ ಬರುವವರೆಗೆ, ಆದರೆ ಒಂದು ಮಿತಿಯೊಳಗೆ, ಕಾಯುವ ಸಾಲನ್ನು ಬರೆಯಿರಿ. ಪ್ಲೇರೈಟ್ ಮತ್ತು ಬ್ರೌಸರ್ ಟೆಸ್ಟ್‌ಗಳ ಇನ್ನೊಂದು ಟೂಲ್ ಆದ ಸೈಪ್ರೆಸ್ ಇಂತಹ ಕಾಯುವಿಕೆಯನ್ನು ತಾವೇ ಮಾಡುತ್ತವೆ; ಆದರೂ, ಬಟನ್ ಕಾಣಿಸಿಕೊಂಡಿದ್ದು ಅದರ ಹಿಂದಿನ ಕೋಡ್ ಸಿದ್ಧವಾಗುವ ಮೊದಲೇ ಆಗಿದ್ದರೆ ಅವಕ್ಕೂ ಅದು ತಿಳಿಯುವುದಿಲ್ಲ.

ಸ್ಕ್ರೀನ್ ಮೇಲಿನ ಅಂಶವನ್ನು ಗುರುತಿಸುವ ಲೊಕೇಟರ್‌ಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಮೂರನೆಯ ಡಿವ್‌ನೊಳಗಿನ ಎರಡನೆಯ ಸ್ಪ್ಯಾನ್ ಎಂದು ಪುಟದ ರಚನೆಗೆ ಅಂಟಿಕೊಂಡ ಎಕ್ಸ್‌ಪಾತ್ ವಿಳಾಸ, ವಿನ್ಯಾಸದ ಸಣ್ಣ ಬದಲಾವಣೆಗೂ ಮುರಿಯುತ್ತದೆ. ಬಳಕೆದಾರರಿಗೆ ಕಾಣುವ ಪಾತ್ರ ಮತ್ತು ಹೆಸರಿನ ಮೂಲಕ, ಉದಾಹರಣೆಗೆ ‘ಪಾವತಿಸಿ’ ಎಂಬ ಹೆಸರಿನ ಬಟನ್ ಎಂದು, ಹುಡುಕುವುದು ಒಳ್ಳೆಯದು. ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಹೀಗೆ ಹುಡುಕಿದಾಗ ಸಿಗದ ಬಟನ್, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿವಿಕಲಚೇತನರಿಗೂ ಬಹುತೇಕ ಸಿಗುವುದಿಲ್ಲ. ಅದು ಸಾಧ್ಯವಾಗದ ಕಡೆ, ಟೆಸ್ಟ್‌ಗೆಂದೇ ಇಟ್ಟ ಗುರುತನ್ನು ಡೆವಲಪರ್‌ಗಳೊಂದಿಗೆ ಮಾತನಾಡಿ ಸೇರಿಸಿಸಿಕೊಳ್ಳಿ.

ಸಂಶಯಾಸ್ಪದ ಟೆಸ್ಟ್ ಸಿಕ್ಕಾಗ ಅದನ್ನು ನೂರು ಬಾರಿ ಸತತವಾಗಿ, ಆಮೇಲೆ ಉಳಿದವುಗಳೊಂದಿಗೆ ಯಾದೃಚ್ಛಿಕ ಕ್ರಮದಲ್ಲಿ, ಆಮೇಲೆ ಸಿಪಿಯು ವೇಗವನ್ನು ಕೃತಕವಾಗಿ ತಗ್ಗಿಸಿ ರನ್ ಮಾಡಿ ನೋಡಿ; ಮೂರರಲ್ಲಿ ಯಾವುದರಲ್ಲಿ ಬೀಳುತ್ತದೆ ಎಂಬುದೇ ಕಾರಣದ ದಿಕ್ಕನ್ನು ತೋರಿಸುತ್ತದೆ. ಅಂದೇ ಸರಿಪಡಿಸಲಾಗದಿದ್ದರೆ ಟೆಸ್ಟ್‌ಗಳ ಮುಖ್ಯ ಗುಂಪಿನಿಂದ ಅದನ್ನು ಬೇರ್ಪಡಿಸಿ ಇಡಿ, ಆದರೆ ಒಬ್ಬರ ಹೆಸರು ಮತ್ತು ಒಂದು ಗಡುವಿನ ದಿನಾಂಕದೊಂದಿಗೆ. ಗಡುವು ಮೀರಿದರೆ ಅಳಿಸಿಬಿಡಿ. ತಾನಾಗಿ ಮರುಪ್ರಯತ್ನ ಮಾಡುವ ಸೌಲಭ್ಯವನ್ನು ಬಳಸುವುದಾದರೆ, ಎರಡನೆಯ ಪ್ರಯತ್ನದಲ್ಲಿ ಪಾಸಾದ ಪ್ರತಿಯೊಂದು ಟೆಸ್ಟ್‌ನ ಹೆಸರೂ ವಾರದ ವರದಿಯಲ್ಲಿ ಬರುವಂತೆ ಮಾಡಿ. ಇಲ್ಲದಿದ್ದರೆ ಆ ಸೌಲಭ್ಯ ದೋಷಗಳನ್ನು ಮುಚ್ಚಿಡುವ ಪರದೆಯಾಗುತ್ತದೆ.

ಡೇಟಾ, ಸಮಯ ಮತ್ತು ಪರಿಸರ

ಪ್ರತಿಯೊಂದು ಟೆಸ್ಟ್ ತನಗೆ ಬೇಕಾದ ಡೇಟಾವನ್ನು ತಾನೇ ಸೃಷ್ಟಿಸಿಕೊಳ್ಳಬೇಕು. ಎಲ್ಲರೂ ಹಂಚಿಕೊಂಡ ಒಂದೇ ಟೆಸ್ಟ್ ಅಕೌಂಟ್ ಇದ್ದರೆ, ಟೆಸ್ಟ್‌ಗಳನ್ನು ಏಕಕಾಲಕ್ಕೆ ಓಡಿಸಿದ ದಿನ ಅವು ಒಂದರ ಕಾಲನ್ನೊಂದು ತುಳಿಯುತ್ತವೆ. ಸಮಯವನ್ನು ಸಿಸ್ಟಂನ ಗಡಿಯಾರದಿಂದ ನೇರವಾಗಿ ಓದದೆ, ಹೊರಗಿನಿಂದ ಕೊಡಬಹುದಾದ ಗಡಿಯಾರವೊಂದನ್ನು ಕೋಡ್‌ನಲ್ಲಿ ಬಳಸಿದರೆ ತಿಂಗಳ ಕೊನೆ, ಫೆಬ್ರವರಿ 29, ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಬದಲಾವಣೆ ಇವನ್ನೆಲ್ಲ ಯಾವ ದಿನ ಬೇಕಾದರೂ ಪರೀಕ್ಷಿಸಬಹುದು. ಗ್ರಾಹಕರ ನಿಜವಾದ ಡೇಟಾವನ್ನು ಪ್ರತಿ ಮಾಡಿ ಟೆಸ್ಟ್ ಪರಿಸರಕ್ಕೆ ತರುವ ಅಭ್ಯಾಸವನ್ನು ಬಿಡಲೇಬೇಕು. ಹೆಸರನ್ನು ಮಾತ್ರ ಅಳಿಸಿದರೆ ವ್ಯಕ್ತಿಯ ಗುರುತು ಅಳಿಯುವುದಿಲ್ಲ, ಮತ್ತು ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ವೈಯಕ್ತಿಕ ಡೇಟಾ ರಕ್ಷಣೆಯ ಜಿಡಿಪಿಆರ್‌ನಂತಹ ಕಾನೂನುಗಳಿಗೆ ಟೆಸ್ಟ್ ಪರಿಸರವೇನೂ ಹೊರತಲ್ಲ.

ಟೆಸ್ಟ್ ಡೇಟಾ ನಿಜವಾದ ಡೇಟಾದಂತೆ ವರ್ತಿಸದಿದ್ದರೆ ಏನಾಗಬಹುದು ಎಂಬುದಕ್ಕೆ 2024ರ ಜುಲೈ 19ರ ಘಟನೆಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅಂದು ಸೈಬರ್ ಭದ್ರತಾ ಸಂಸ್ಥೆ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕಂಟೆಂಟ್ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಸಂಸ್ಥೆಯೇ ಪ್ರಕಟಿಸಿದ ವಿಶ್ಲೇಷಣೆಯಂತೆ, ಟೆಂಪ್ಲೇಟ್‌ನಲ್ಲಿ 21 ಇನ್‌ಪುಟ್ ಫೀಲ್ಡ್‌ಗಳೆಂದು ಹೇಳಲಾಗಿತ್ತು, ಅದನ್ನು ಕರೆಯುವ ಕೋಡ್ ಕೊಡುತ್ತಿದ್ದುದು 20 ಮಾತ್ರ. ಟೆಸ್ಟ್‌ಗಳು ಇರಲಿಲ್ಲವೆಂದಲ್ಲ, ಇದ್ದವು. ಆದರೆ ಅವುಗಳಲ್ಲಿ 21ನೆಯ ಫೀಲ್ಡ್‌ಗೆ ಯಾವುದಕ್ಕಾದರೂ ಹೊಂದುವ ವೈಲ್ಡ್‌ಕಾರ್ಡ್ ಬಳಸಿದ್ದರಿಂದ ಆ ಕೊರತೆ ಬಯಲಾಗಲಿಲ್ಲ. ಇದರಿಂದ ಎರಡು ಕ್ರಮಗಳನ್ನು ನೇರವಾಗಿ ತೆಗೆದುಕೊಳ್ಳಬಹುದು. ಕಾನ್ಫಿಗರೇಷನ್ ಮತ್ತು ಡೇಟಾ ಫೈಲ್‌ಗಳೂ ಕೋಡ್‌ನಷ್ಟೇ ಕಟ್ಟುನಿಟ್ಟಾದ ಪರೀಕ್ಷೆಯ ಮೂಲಕ ಹಾದುಹೋಗಬೇಕು. ಮತ್ತು ಬಿಡುಗಡೆಯು ಮೊದಲು ಕೆಲವೇ ಯಂತ್ರಗಳಿಗೆ, ಅಲ್ಲಿ ಸರಿಯಾಗಿದ್ದರೆ ಮಾತ್ರ ಮುಂದಿನವಕ್ಕೆ, ಹಂತಹಂತವಾಗಿ ಹೋಗಬೇಕು.

ಬೇರೆ ಬೇರೆ ತಂಡಗಳ ಸರ್ವಿಸ್‌ಗಳು ಒಂದನ್ನೊಂದು ಅವಲಂಬಿಸಿದ್ದರೆ, ಎಲ್ಲವನ್ನೂ ಬಿಡುಗಡೆಗೆ ಮುಂಚೆ ಬಳಸುವ ಒಂದೇ ಸ್ಟೇಜಿಂಗ್ ಪರಿಸರದಲ್ಲಿ ಒಟ್ಟುಗೂಡಿಸಿ ಪರೀಕ್ಷಿಸುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ಪ್ಯಾಕ್ಟ್‌ನಂತಹ ಟೂಲ್‌ಗಳಿಂದ ಮಾಡುವ ಕಾಂಟ್ರಾಕ್ಟ್ ಟೆಸ್ಟಿಂಗ್‌ನಲ್ಲಿ ಸೇವೆ ಪಡೆಯುವವರು ತಮ್ಮ ನಿರೀಕ್ಷೆಯನ್ನು ದಾಖಲಿಸುತ್ತಾರೆ, ಸೇವೆ ಕೊಡುವವರು ತಮ್ಮದೇ ಬಿಲ್ಡ್‌ನಲ್ಲಿ ಅದನ್ನು ಪರಿಶೀಲಿಸುತ್ತಾರೆ.

ವೇಗ ಮತ್ತು ಅಳತೆ

ಕೋಡ್ ಸೇರಿಸಿದ ಹತ್ತು ನಿಮಿಷದೊಳಗೆ ಉತ್ತರ ಬರುವಂತಿದ್ದರೆ ಡೆವಲಪರ್ ಕಾಯುತ್ತಾರೆ. ಒಂದು ಗಂಟೆಯಾದರೆ ಬೇರೆ ಕೆಲಸಕ್ಕೆ ಮನಸ್ಸು ಕೊಟ್ಟಿರುತ್ತಾರೆ, ಮರಳಿ ಬಂದು ಯೋಚನೆಯ ಎಳೆ ಹಿಡಿಯುವುದು ಕಷ್ಟ. ಆದ್ದರಿಂದ ಪ್ರತಿ ಬದಲಾವಣೆಗೂ ಓಡುವ ಟೆಸ್ಟ್‌ಗಳಿಗೆ ಸಮಯದ ಮಿತಿ ಹಾಕಿ, ಹಲವು ಯಂತ್ರಗಳ ನಡುವೆ ಹಂಚಿ ಓಡಿಸಿ, ನಿಧಾನವಾದವನ್ನು ರಾತ್ರಿಯ ಸರದಿಗೆ ಬಿಡಿ.

ಕವರೇಜ್ ಪ್ರತಿಶತವನ್ನು, ಎಂದರೆ ಟೆಸ್ಟ್‌ಗಳು ಓಡಿಸಿದ ಕೋಡ್ ಸಾಲುಗಳ ಪಾಲನ್ನು, ಗುರಿಯಾಗಿ ಇಡಬೇಡಿ. ಫಲಿತಾಂಶ ಸರಿಯೇ ಎಂದು ನೋಡುವ ಅಸರ್ಷನ್ ಒಂದೂ ಇಲ್ಲದ ಟೆಸ್ಟ್‌ಗಳಿಂದ ನೂರಕ್ಕೆ ನೂರು ಕವರೇಜ್ ಪಡೆಯಬಹುದು. ಒಂದು ಸಾಲು ಓಡಿತು ಎಂಬುದಕ್ಕೂ ಅದು ಸರಿಯಾಗಿ ಓಡಿತು ಎಂಬುದಕ್ಕೂ ಬಹಳ ಅಂತರವಿದೆ. ಕವರೇಜ್ ಹೇಳಬಲ್ಲದ್ದು ಯಾವ ಭಾಗವನ್ನು ಯಾರೂ ಮುಟ್ಟಿಯೇ ಇಲ್ಲ ಎಂಬುದನ್ನು ಮಾತ್ರ. ಟೆಸ್ಟ್‌ಗಳ ಬಲವನ್ನು ಅಳೆಯಲು ಮ್ಯುಟೇಷನ್ ಟೆಸ್ಟಿಂಗ್ ಹೆಚ್ಚು ಪ್ರಾಮಾಣಿಕವಾದ ದಾರಿ: ಟೂಲ್ ಕೋಡ್‌ನಲ್ಲಿ ಬೇಕೆಂದೇ ಸಣ್ಣ ತಪ್ಪುಗಳನ್ನು ತುಂಬುತ್ತದೆ, ‘ಹೆಚ್ಚು’ ಎಂಬುದನ್ನು ‘ಹೆಚ್ಚು ಅಥವಾ ಸಮ’ ಎಂದು ಬದಲಿಸುತ್ತದೆ, ಆಮೇಲೆ ಯಾವ ಟೆಸ್ಟ್ ಆದರೂ ಕೆಂಪಾಗುತ್ತದೆಯೇ ಎಂದು ನೋಡುತ್ತದೆ. 1970ರ ದಶಕದಷ್ಟು ಹಳೆಯದಾದ ಈ ವಿಚಾರ, ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಮುಂತಾದ ಟೂಲ್‌ಗಳಿಂದ ಈಗ ಬಳಕೆಗೆ ಬಂದಿದೆ. ಇಡೀ ಕೋಡ್ ಮೇಲೆ ಓಡಿಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೊಸದಾಗಿ ಬದಲಾದ ಸಾಲುಗಳ ಮೇಲೆ ಮಾತ್ರ ಓಡಿಸಿ. ಲೆಕ್ಕಾಚಾರ, ಪಾರ್ಸಿಂಗ್, ಎನ್‌ಕೋಡಿಂಗ್‌ನಂತಹ ಕೋಡ್‌ಗೆ ಎಲ್ಲ ಇನ್‌ಪುಟ್‌ಗಳಿಗೂ ನಿಜವಾಗಿರಬೇಕಾದ ನಿಯಮವನ್ನು ಪರೀಕ್ಷಿಸುವ ಪ್ರಾಪರ್ಟಿ ಆಧಾರಿತ ಟೆಸ್ಟ್‌ಗಳನ್ನೂ ಸೇರಿಸಿ. 2000ದ ಸುಮಾರಿಗೆ ಹ್ಯಾಸ್ಕೆಲ್ ಭಾಷೆಗೆ ಬಂದ ಕ್ವಿಕ್‌ಚೆಕ್ ಹಾಕಿಕೊಟ್ಟ ದಾರಿಯಲ್ಲಿ, ಪೈಥಾನ್‌ನ ಹೈಪಾಥಿಸಿಸ್ ನೂರಾರು ಇನ್‌ಪುಟ್‌ಗಳನ್ನು ತಾನೇ ಸೃಷ್ಟಿಸಿ, ನಿಯಮ ಮುರಿದಾಗ ಅತ್ಯಂತ ಚಿಕ್ಕ ಉದಾಹರಣೆಗೆ ಇಳಿಸಿ ತೋರಿಸುತ್ತದೆ.

ಕೃತಕ ಬುದ್ಧಿಮತ್ತೆಗೆ ಎಷ್ಟು ಕೆಲಸ ಕೊಡಬೇಕು

ಈಗ ಎಲ್ಲರ ಗಮನವೂ ಇದರ ಮೇಲಿದೆ. ಭಾಷಾ ಮಾದರಿಗಳು ಟೆಸ್ಟ್ ಕೋಡ್ ಅನ್ನು ಬಹಳ ಬೇಗ ಬರೆಯುತ್ತವೆ, ಅದರಲ್ಲಿ ಸಂಶಯವಿಲ್ಲ. ತೊಂದರೆ ಇರುವುದು ಬೇರೆ ಕಡೆ. ಕೋಡ್ ಅನ್ನು ಮಾತ್ರ ತೋರಿಸಿ ಟೆಸ್ಟ್ ಬರೆಯಲು ಹೇಳಿದರೆ, ಆ ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ ಸರಿಯೆಂದು ಹೇಳುವ ಟೆಸ್ಟ್ ಬರುವ ಸಂಭವ ಹೆಚ್ಚು. ಕೋಡ್‌ನಲ್ಲಿ ಬಗ್ ಇದ್ದರೆ ಬಗ್‌ಗೇ ಕಾವಲು ನಿಲ್ಲಿಸಿದಂತಾಗುತ್ತದೆ. ಸರಿಯಾದ ಉತ್ತರ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೋಡ್‌ನೊಳಗೆ ಇರುವುದಿಲ್ಲ, ಅಗತ್ಯಗಳ ವಿವರಣೆಯಲ್ಲಿ ಮತ್ತು ಅದನ್ನು ಬಲ್ಲ ಜನರಲ್ಲಿ ಇರುತ್ತದೆ.

ಮೆಟಾ ಸಂಸ್ಥೆಯ ಎಂಜಿನಿಯರ್‌ಗಳು 2024ರಲ್ಲಿ ವಿವರಿಸಿದ ಟೆಸ್ಟ್‌ಜೆನ್-ಎಲ್ಎಲ್ಎಂ ಎಂಬ ಟೂಲ್‌ನ ಕ್ರಮ ನನಗೆ ವಿವೇಕಯುತವಾಗಿ ಕಂಡಿತು. ಮಾದರಿ ಬರೆದದ್ದನ್ನು ಅವರು ಹಾಗೆಯೇ ನಂಬಲಿಲ್ಲ. ಬಿಲ್ಡ್ ಆಗುತ್ತದೆಯೇ, ಮತ್ತೆ ಮತ್ತೆ ಓಡಿಸಿದಾಗಲೂ ಪಾಸಾಗುತ್ತದೆಯೇ, ಕವರೇಜ್ ಹೆಚ್ಚಿಸುತ್ತದೆಯೇ ಎಂಬ ಮೂರು ಜರಡಿಗಳಲ್ಲಿ ಜಾಲಿಸಿ, ಉಳಿದದ್ದನ್ನು ಮಾತ್ರ ಎಂಜಿನಿಯರ್‌ಗಳ ಪರಿಶೀಲನೆಗೆ ಕಳಿಸಿದರು. ಇನ್‌ಸ್ಟಾಗ್ರಾಂನ ರೀಲ್ಸ್ ಮತ್ತು ಸ್ಟೋರೀಸ್ ಮೇಲಿನ ಪ್ರಯೋಗದಲ್ಲಿ ಮಾದರಿ ಬರೆದ ಟೆಸ್ಟ್‌ಗಳ ಪೈಕಿ 75 ಪ್ರತಿಶತ ಬಿಲ್ಡ್ ಆದವು, 57 ಪ್ರತಿಶತ ಸ್ಥಿರವಾಗಿ ಪಾಸಾದವು, ಕವರೇಜ್ ಹೆಚ್ಚಿಸಿದ್ದು 25 ಪ್ರತಿಶತ. ನಿಮ್ಮಲ್ಲೂ ಇದೇ ಕ್ರಮ ಇಟ್ಟುಕೊಳ್ಳಿ, ಜೊತೆಗೆ ಮ್ಯುಟೇಷನ್ ಟೆಸ್ಟಿಂಗ್ ಅನ್ನು ನಾಲ್ಕನೆಯ ಜರಡಿಯಾಗಿ ಸೇರಿಸಿ. ಮಾದರಿಗೆ ಕೋಡ್‌ಗಿಂತ ಮೊದಲು ಅಗತ್ಯಗಳ ವಿವರಣೆಯನ್ನು ಕೊಡಿ. ನಿರೀಕ್ಷಿತ ಉತ್ತರಗಳನ್ನು ಮನುಷ್ಯರೇ ಓದಿ ಒಪ್ಪಲಿ.

ಲೊಕೇಟರ್ ಮುರಿದಾಗ ತಾನೇ ಬೇರೊಂದನ್ನು ಹುಡುಕಿಕೊಂಡು ಮುಂದೆ ಹೋಗುವ ಸೆಲ್ಫ್-ಹೀಲಿಂಗ್ ಸೌಲಭ್ಯದ ಬಗ್ಗೆ ನನಗೆ ಆತಂಕವಿದೆ. ‘ಪಾವತಿಸಿ’ ಬಟನ್ ತಪ್ಪಾಗಿ ಪುಟದಿಂದ ಮಾಯವಾಗಿದ್ದರೆ, ಅದರ ಪಕ್ಕದ ಇನ್ನೊಂದು ಬಟನ್ ಒತ್ತಿ ಹಸಿರು ತೋರಿಸುವ ಟೆಸ್ಟ್ ನಮಗೆ ಬೇಡ. ಈ ಸೌಲಭ್ಯವನ್ನು ಸಲಹೆ ಕೊಡುವ ಮಟ್ಟಕ್ಕೆ ಸೀಮಿತಗೊಳಿಸಿ: ಟೆಸ್ಟ್ ಕೆಂಪಾಗಿಯೇ ಇರಲಿ, ಹೊಸ ಲೊಕೇಟರ್ ಅನ್ನು ಅದು ಬದಲಾವಣೆಯ ಪ್ರಸ್ತಾವವಾಗಿ ಮುಂದಿಡಲಿ.

ಸಾಫ್ಟ್‌ವೇರ್‌ನೊಳಗೇ ಭಾಷಾ ಮಾದರಿ ಕೂತಿದ್ದರೆ ಒಂದೇ ಇನ್‌ಪುಟ್‌ಗೆ ಒಂದೇ ಉತ್ತರ ಎಂಬ ಹಳೆಯ ಆಧಾರವೇ ಕುಸಿಯುತ್ತದೆ. ಅಲ್ಲಿ ಪದಕ್ಕೆ ಪದ ಹೋಲಿಸದೆ, ಉತ್ತರದ ಸ್ವರೂಪ ಸರಿಯಾಗಿದೆಯೇ, ಕೊಟ್ಟ ಮಾಹಿತಿಯಲ್ಲಿಲ್ಲದ ಸಂಖ್ಯೆಯೇನಾದರೂ ನುಸುಳಿದೆಯೇ, ಹೇಳಬಾರದ್ದನ್ನು ಹೇಳಿದೆಯೇ ಎಂಬಂತಹ ಮುರಿಯಬಾರದ ಗುಣಗಳನ್ನು ಪರೀಕ್ಷಿಸಿ. ಆಯ್ದ ಪ್ರಶ್ನೆಗಳ ಸಂಗ್ರಹವೊಂದನ್ನು ಇಟ್ಟುಕೊಂಡು ಪ್ರತಿಯೊಂದನ್ನೂ ಹಲವು ಬಾರಿ ಓಡಿಸಿ, ಎಷ್ಟು ಪಾಲು ಸರಿಯಿರಬೇಕು ಎಂಬ ಮಿತಿಯನ್ನು ಮೊದಲೇ ನಿರ್ಧರಿಸಿ, ಮಾದರಿಯ ಆವೃತ್ತಿಯನ್ನು ದಾಖಲಿಸಿ. ಮಾದರಿಯ ಸುತ್ತಲಿನ ಸಾಮಾನ್ಯ ಕೋಡ್‌ಗೆ ಮಾತ್ರ ಹಳೆಯ ಕಟ್ಟುನಿಟ್ಟು ಹಾಗೆಯೇ ಇರಲಿ.

ಈಗಾಗಲೇ ಕೆಟ್ಟಿರುವುದನ್ನು ಸರಿಪಡಿಸುವುದು

ಹೆಚ್ಚಿನವರ ಮುಂದಿರುವುದು ಖಾಲಿ ನೆಲವಲ್ಲ, ವರ್ಷಗಳಿಂದ ಬೆಳೆದು, ಅರ್ಧ ಕೆಂಪಾಗಿ ನಿಂತ ಟೆಸ್ಟ್‌ಗಳ ರಾಶಿ. ಅದನ್ನು ಪೂರ್ತಿ ಬಿಸಾಡಿ ಹೊಸದಾಗಿ ಬರೆಯುವ ಆಸೆಯನ್ನು ತಡೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ಪ್ರತಿ ಬಾರಿಯೂ ಪಾಸಾದ ಟೆಸ್ಟ್‌ಗಳನ್ನು ಮಾತ್ರ ಒಂದು ಚಿಕ್ಕ ಗುಂಪಿಗೆ ಸೇರಿಸಿ, ಆ ಗುಂಪು ಕೆಂಪಾದರೆ ಕೋಡ್ ಮುಖ್ಯ ಶಾಖೆಗೆ ಸೇರದಂತೆ ತಡೆ ಹಾಕಿ. ಮೊದಲ ದಿನ ಅದರಲ್ಲಿ ನಲವತ್ತೇ ಟೆಸ್ಟ್‌ಗಳಿದ್ದರೂ ಚಿಂತೆಯಿಲ್ಲ. ಉಳಿದವನ್ನು ಹೊರಗೆ ಇಟ್ಟು, ಅವು ಪರೀಕ್ಷಿಸುವ ಬಳಕೆದಾರರ ಹಾದಿ ಎಷ್ಟು ಮುಖ್ಯ ಎಂಬ ಕ್ರಮದಲ್ಲಿ ವಾರಕ್ಕೆ ಕೆಲವನ್ನು ಸರಿಪಡಿಸಿ ಒಳಗೆ ತನ್ನಿ: ನೂರು ಬಾರಿ ಓಡಿಸಿ ನೂರು ಬಾರಿಯೂ ಪಾಸಾದ ಮೇಲೆ, ಬೇಕೆಂದೇ ಕೋಡ್ ಕೆಡಿಸಿದಾಗ ಕೆಂಪಾದ ಮೇಲೆ ಮಾತ್ರ. ಮೂರು ತಿಂಗಳಾದರೂ ಯಾರೂ ಕೇಳದೆ ಹೊರಗೆ ಉಳಿದವನ್ನು, ಅವು ಏನನ್ನು ಪರೀಕ್ಷಿಸುತ್ತಿದ್ದವು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಅಳಿಸಿ.